ಗೇಟಿನಾಚೆ ಹೇಳಬೇಕಾದ ಮಾತು

ಕ್ಯಾಲೆಂಡರು ನನ್ನ ಮೊಣಕಾಲಿನ ಎತ್ತರಕ್ಕಿತ್ತು. ಪಡಸಾಲೆಯ ಕಿಟಕಿಯ ಕೆಳಮೂಲೆಯಿಂದ ಒಂದು ಗೇಣು ಕೆಳಗೆ ಮೊಳೆ ಹೊಡೆದು ಅದನ್ನು ತೂಗುಹಾಕಿದ್ದರು. ತಾರೀಖು ನೋಡಲು ಕುಕ್ಕರುಗಾಲಿನಲ್ಲಿ ಕೂಡಬೇಕು. ತಿಥಿ, ನಕ್ಷತ್ರ ಬೇಕಿದ್ದರೆ ಬಹುಶಃ ಮಲಗಬೇಕು. ಉಳಿದ ಗೋಡೆಯೆಲ್ಲ ಖಾಲಿ ಬಿದ್ದಿತ್ತು. ಮನೆ ಕೊಳ್ಳಲು ಹೋದವರು ಇಂಥ ಕ್ಯಾಲೆಂಡರು ಕಂಡ ಕೂಡಲೇ ಅದನ್ನು ಎತ್ತಿ, ಹಿಂದೆ ಏನಿದೆ ಎಂದು ನೋಡುತ್ತಾರೆ. ನಾನು ಬಗ್ಗಿ ತಾರೀಖು ನೋಡಿದೆ. ಸರಿಯಾಗಿತ್ತು. ಎದ್ದು ನಿಂತು, ಮನೆಯೊಡತಿ ನೀಲಕ್ಕನವರಿಗೆ ಗಾಳಿ ಚೆನ್ನಾಗಿ ಬರುತ್ತದೆ ಎಂದು ಹೇಳಿದೆ. ಕಿಟಕಿ ಮುಚ್ಚಿತ್ತು.

ಕೊರತೆ ಕಾಣುವುದು ಬೇರೆ, ಅದನ್ನು ಬಾಯಿಬಿಟ್ಟು ಹೇಳುವುದು ಬೇರೆ. ಮೊದಲನೆಯದು ನನಗೆ ಉದ್ಯೋಗ. ಧಾರವಾಡದ ಒಂದು ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಒದ್ದೆ ಕಾಗದದ ಮೇಲೆ ಬೀಜ ಹರವಿ, ಎಷ್ಟು ಮೊಳೆತವು, ಎಷ್ಟು ಸತ್ತವು, ಎಷ್ಟು ಮೊಳೆತೂ ಡೊಂಕಾದವು ಎಂದು ನೋಡುವುದು ನನ್ನ ಕೆಲಸ. ಗೋದಾಮುಗಟ್ಟಲೆ ಬೀಜವನ್ನು "ಬಿತ್ತನೆಗೆ ಯೋಗ್ಯವಲ್ಲ" ಎಂದು ಬರೆದು ಸಹಿ ಮಾಡಿ, ನಿಶ್ಚಿಂತೆಯಿಂದ ಡಬ್ಬಿ ಬಿಚ್ಚಿ ಚಪಾತಿ ತಿಂದವಳು ನಾನು. ಆದರೆ ಬೀಜಕ್ಕೆ ಕಿವಿಯಿಲ್ಲ, ಮತ್ತು ಅದು ನನಗೆ ಚಹಾ ಕೊಟ್ಟಿರುವುದಿಲ್ಲ. ಎದುರಿಗೆ ಮನುಷ್ಯರಿದ್ದರೆ, ಅದರಲ್ಲೂ ಅವರ ಮನೆಯ ಅವಲಕ್ಕಿ ನನ್ನ ಕೈಯಲ್ಲಿದ್ದರೆ, ನನ್ನ ನಾಲಿಗೆ ಕೇವಲ ಅವಲಕ್ಕಿಗೆ ಉಪಯೋಗವಾಗುತ್ತದೆ. ನನ್ನನ್ನು ನೋಡಲು ಬಂದ ವರನ ಕಡೆಯವರಿಗೆ ಈ ತೊಂದರೆ ಇರಲಿಲ್ಲ ಎಂಬುದನ್ನು ಇಲ್ಲಿ ನೆನೆಸಬೇಕು. ಅವರು ನಮ್ಮದೇ ಪಡಸಾಲೆಯಲ್ಲಿ, ನಮ್ಮದೇ ಉಪ್ಪಿಟ್ಟು ತಿನ್ನುತ್ತ, ಹುಡುಗಿಗೆ ಮಾತು ಕಡಿಮೆ, ಚಾಳೀಸಿನ ಗಾಜು ದಪ್ಪ ಎಂದು ನನ್ನ ಮುಂದೆಯೇ ಪಟ್ಟಿ ಓದಿ, ಕೈ ತೊಳೆದುಕೊಂಡು ಹೋಗಿದ್ದರು. ಆಗ ಬೇಜಾರಾಗಿತ್ತು. ಮನೆ ನೋಡಲು ಶುರು ಮಾಡಿದ ಮೇಲೆ ಅವರ ಧೈರ್ಯಕ್ಕೆ ಬೆಲೆ ಕೊಡಲು ಕಲಿತೆ.

ಮನೆ ಬೇಕಾದದ್ದು ಅವ್ವನಿಗೆ. ನಾವಿಬ್ಬರೇ ಇರುವುದು. ಅಪ್ಪ ತೀರಿಕೊಂಡು ಎರಡು ವರ್ಷದ ಮೇಲಾಯಿತು. ಧಾರವಾಡದ ಬಾಡಿಗೆ ಮನೆಯಲ್ಲಿ, ಅಡುಗೆಮನೆಗೂ ಪಡಸಾಲೆಗೂ ನಡುವಿನ ಹೊಸ್ತಿಲ ಹತ್ತಿರ, ನೀರು ಕುಡಿಯಲು ಎದ್ದವರು ಹಾಗೇ ಕುಸಿದರು. ಅಂದಿನಿಂದ ಅವ್ವ ಆ ಹೊಸ್ತಿಲನ್ನು ಒಂದು ಬಗೆಯಲ್ಲಿ ದಾಟುತ್ತಾಳೆ. ಮಲಗಿದವರನ್ನು ದಾಟುವಾಗ ಸೀರೆಯ ನಿರಿಗೆ ಎತ್ತಿ ಹಿಡಿಯುತ್ತಾರಲ್ಲ, ಹಾಗೆ. ಅಡುಗೆ ಮಾಡಲು ದಿನಕ್ಕೆ ಎಷ್ಟು ಸಲ ಒಳಗೆ ಹೋಗಬೇಕೋ ಅಷ್ಟು ಸಲವೂ ಹಾಗೆಯೇ. ನಾನು ಅದನ್ನು ನೋಡುತ್ತೇನೆಂದು ಅವಳಿಗೆ ಗೊತ್ತಿಲ್ಲ. ಬೇರೆ ಮನೆ ನೋಡೋಣ ಎಂದು ನಾನು ಹೇಳಿದಾಗ, ಪ್ರಯೋಗಾಲಯಕ್ಕೆ ಹತ್ತಿರವಾಗುತ್ತದೆ ಎಂಬ ಕಾರಣ ಕೊಟ್ಟೆ. ನೀಲಕ್ಕನವರ ಮನೆಯಿದ್ದ ಬೈರಿದೇವರಕೊಪ್ಪ ನಮ್ಮ ಪ್ರಯೋಗಾಲಯದಿಂದ ದೂರ. ಅವ್ವ ಆ ಲೆಕ್ಕ ಕೇಳಲಿಲ್ಲ.

ಈ ಮನೆಗೆ ಮೊದಲ ಸಲ ನಾವಿಬ್ಬರೇ ಹೋಗಿದ್ದೆವು. ಯುಗಾದಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ನೀಲಕ್ಕನವರ ಯಜಮಾನರು ನೌಕರಿಯಿಂದ ನಿವೃತ್ತರಾಗಿ, ಉಪ್ಪಿನಬೆಟಗೇರಿಯ ತಮ್ಮ ಹೊಲದಲ್ಲೇ ಇನ್ನು ಮುಂದೆ ಇರುವುದೆಂದು ತೀರ್ಮಾನ ಮಾಡಿ, ಆಗಲೇ ಅರ್ಧ ಸಾಮಾನು ಸಾಗಿಸಿಯಾಗಿತ್ತು. ಮನೆ ತೋರಿಸುವ ಕೆಲಸ ಈಕೆಯ ಪಾಲಿಗೆ ಬಂದಿತ್ತು. ಹಳ್ಳಿಗೆ ಹೋಗುವ ಮನಸ್ಸು ಯಜಮಾನರದು ಮಾತ್ರ ಎಂದು ಚಹಾ ಕುದಿಯುವುದರೊಳಗೆ ನಮಗೆ ತಿಳಿಯಿತು. ಹೊರಡುವಾಗ ನೀಲಕ್ಕ ಕುಂಕುಮದ ಬಟ್ಟಲು ತಂದು, ನನಗೆ ಕುಂಕುಮ ಕೊಟ್ಟು, ಬಟ್ಟಲನ್ನು ಅವ್ವನ ಮುಂದೆ ಹಿಡಿದರು. ಇಲ್ಲಿ ಸ್ವಲ್ಪ ಹೇಳಬೇಕು. ಅಪ್ಪ ಹೋದ ಮೇಲೆ ನಮ್ಮ ಓಣಿಯಲ್ಲಿ ಬಟ್ಟಲು ಅವ್ವನನ್ನು ದಾಟಿ ಹೋಗುತ್ತದೆ. ಕೊಡುವವರಿಗೆ ಮುಜುಗರವಾಗದಿರಲಿ ಎಂದು ಅವ್ವನೇ, ಬಟ್ಟಲು ಹೊರಗೆ ಬರುವ ಸುಳಿವು ಸಿಕ್ಕ ಕೂಡಲೇ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಎದ್ದುಬಿಡುತ್ತಾಳೆ. ನಮ್ಮ ಮನೆಯ ಒಲೆಯ ಮೇಲೆ ಅಷ್ಟು ಹಾಲು ಎಂದೂ ಇರಲಿಲ್ಲ. ಅಂದು ಏಳಲು ಪುರಸೊತ್ತಾಗಲಿಲ್ಲ. ಮೆಲ್ಲಗೆ, "ನಮಗ ಬ್ಯಾಡ್ರಿ ಅಕ್ಕಾರ" ಎಂದಳು.

"ಯಾಕ ಬ್ಯಾಡ್ರಿ? ಮನಿಗೆ ಬಂದಾರಿಗೆ ಕೊಡೂದು ನನ್ನ ಕೆಲಸ. ಮನಿಯವ್ರನ್ನ ಕಳಕೊಂಡೀರಿ, ಹಣಿ ಕಳಕೊಂಡಿಲ್ಲಲ್ರಿ" ಎಂದು ನೀಲಕ್ಕ ತಾವೇ ಹಚ್ಚಿದರು. ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಹಚ್ಚಿದರು.

ವಾಪಸು ಬರುವಾಗ ಬಸ್ಸಿನ ಕಿಟಕಿಯ ಗಾಜಿನಲ್ಲಿ ಅವ್ವ ತನ್ನನ್ನು ಒಂದೆರಡು ಸಲ ನೋಡಿಕೊಂಡಳು. ನವನಗರ ದಾಟುವಾಗ, ಅಡುಗೆಮನೆಯ ಕಟ್ಟೆ ತನ್ನ ಎತ್ತರಕ್ಕೆ ಹೇಳಿ ಮಾಡಿಸಿದಂತಿದೆ ಎಂದಳು. ಹಿತ್ತಲಲ್ಲಿ ಕರಿಬೇವು ಇದೆ ಎಂದಳು. ಮನೆ ಅವಳ ಮಟ್ಟಿಗೆ ಖರೀದಿಯಾಗಿಬಿಟ್ಟಿತ್ತು. ಮನೆ ಕೊಂಡರೆ ನೀಲಕ್ಕ ಅದರ ಜೊತೆ ಬರುವುದಿಲ್ಲ, ಅವರು ಬಟ್ಟಲು ತೆಗೆದುಕೊಂಡು ಉಪ್ಪಿನಬೆಟಗೇರಿಗೆ ಹೋಗುತ್ತಾರೆ ಎಂಬುದನ್ನು ನಾನು ಹೇಳಬೇಕಿತ್ತು. ಹೇಳಲಿಲ್ಲ. ಕ್ಯಾಲೆಂಡರಿನ ವಿಷಯವನ್ನೂ ಹೇಳಲಿಲ್ಲ. ಅದಕ್ಕೆ ಬದಲಾಗಿ, ಕೊಳ್ಳುವ ಮೊದಲು ಸೋಮು ಕಾಕಾನಿಗೆ ಒಮ್ಮೆ ತೋರಿಸೋಣ ಎಂದೆ. ನನ್ನಂಥವರು ಹೀಗೆಯೇ. ಹೇಳಬೇಕಾದ ಮಾತನ್ನು ಹೇಳಲು ಬೇರೆಯವರನ್ನು ಕರೆತರುತ್ತೇವೆ.

ಸೋಮು ಕಾಕಾ ಅಪ್ಪನ ಗೆಳೆಯರು, ರಸ್ತೆ ಸೇತುವೆ ಕಟ್ಟಿಸಿ ನಿವೃತ್ತರಾದ ಇಂಜಿನಿಯರು. ಸೇತುವೆಯ ಆ ಕಡೆಯವರಿಗೆ ಈ ಕಡೆಯಿಂದ ಕೂಗಿ ಕೂಗಿ ಅವರ ದನಿ ಶಾಶ್ವತವಾಗಿ ಒಂದು ಅಳತೆಗೆ ನಿಂತುಬಿಟ್ಟಿದೆ. ಪಿಸುಗುಟ್ಟುವುದೆಂದರೆ ಅವರ ಪ್ರಕಾರ, ಅದೇ ದನಿಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವುದು. ಅಂಥವರನ್ನು ಅವ್ವ ಆ ಮನೆಯ ಗೇಟಿನಲ್ಲಿ ನಿಲ್ಲಿಸಿ ಒಂದು ಕರಾರು ಹಾಕಿದಳು: ಮನೆಯೊಳಗೆ ಒಂದೂ ಕೆಟ್ಟ ಮಾತು ಆಡಕೂಡದು. ಬಿರುಕು, ಸೋರಿಕೆ, ಪೊಳ್ಳು, ಏನು ಕಂಡರೂ ಸರಿ, ಗೇಟಿನ ಹೊರಗೆ ಬಂದು ಹೇಳಬೇಕು.

ಕಾರಣ ವಾಸ್ತುಪುರುಷ. ನಮ್ಮ ಕಡೆ ಹಿರಿಯರೆಲ್ಲ ಹೇಳುವುದನ್ನು ನೀವೂ ಕೇಳಿರುತ್ತೀರಿ. ಪ್ರತಿ ಮನೆಯೊಳಗೂ ಅವನಿರುತ್ತಾನೆ, ಒಳಗೆ ಯಾರು ಏನು ಅಂದರೂ "ತಥಾಸ್ತು" ಅನ್ನುತ್ತಿರುತ್ತಾನೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು, ಚೇಷ್ಟೆ ಯಾವುದು ಎಂದು ಅವನು ನೋಡುವುದಿಲ್ಲ. ಮೇಜಿನ ಮೇಲೆ ಬಂದ ಕಾಗದಕ್ಕೆಲ್ಲ ಓದದೆ ಸಹಿ ಹಾಕುವ ಸಾಹೇಬರ ಹಾಗೆ. ಅದಕ್ಕೇ ಮನೆಯಲ್ಲಿ ಅಪಶಕುನ ಆಡಬಾರದು. ಚಿಕ್ಕವಳಿದ್ದಾಗ ನಾನು ಇದನ್ನು ನಂಬಿದ್ದೆ, ಕಾಲೇಜಿನಲ್ಲಿ ನಕ್ಕಿದ್ದೆ, ಈಗ ಈ ವಿಷಯದಲ್ಲಿ ಸುಮ್ಮನಿರುತ್ತೇನೆ. ಅವ್ವ ಮೊದಲು ಇಷ್ಟು ಬಿಗಿ ಇರಲಿಲ್ಲ. ಎರಡು ವರ್ಷದಿಂದ ನಮ್ಮ ಮನೆಯಲ್ಲಿ "ಅಕ್ಕಿ ತೀರಿದೆ" ಎನ್ನುವಂತಿಲ್ಲ, "ಅಕ್ಕಿ ತರಬೇಕು" ಎನ್ನಬೇಕು. ಅಪ್ಪನ ಸಾವಿನ ಮಾತನ್ನಂತೂ ಆ ಮನೆಯ ಗೋಡೆಗಳ ನಡುವೆ ನಾವಿಬ್ಬರೂ ಒಮ್ಮೆಯೂ ಆಡಿಲ್ಲ.

ಕಾಕಾ ಮೊದಮೊದಲು ಕರಾರು ಪಾಲಿಸಿದರು. ಪಡಸಾಲೆಯ ಟೈಲ್ಸನ್ನು ಸ್ಕೂಟರಿನ ಕೀಲಿಯಿಂದ ಬಡಿದು, ಹುಬ್ಬು ಹಾರಿಸಿ, ಗೇಟಿಗೆ ನಡೆದರು. ಹಿಂದೆ ನಾನು, ನನ್ನ ಹಿಂದೆ ಅವ್ವ. ಅಲ್ಲಿ ನಿಂತು ಅರ್ಧ ನೆಲ ಪೊಳ್ಳು ಎಂದು ತಿಳಿಸಿದರು. ಒಳಗೆ ಬಂದೆವು. ಬಚ್ಚಲಲ್ಲಿ ಒಂದು ತಂಬಿಗೆ ನೀರು ಸುರಿದರು. ನೀರು ಮೋರಿಯ ಕಡೆ ಹೋಗಲು ಮನಸ್ಸು ಮಾಡದೆ ನಮ್ಮ ಪಾದದ ಕಡೆಗೇ ಬಂತು. ಮತ್ತೆ ಗೇಟು. ಮೂರನೆಯ ಸಲ ಮೆರವಣಿಗೆ ಹೊರಟಾಗ ನೀಲಕ್ಕ ಅಡುಗೆಮನೆಯಿಂದ ಓಡಿ ಬಂದು, ಚಹಾಕ್ಕೆ ಇಟ್ಟಿದ್ದೇನೆ, ಹೀಗೆ ಹೊರಟುಬಿಟ್ಟರೆ ಹೇಗೆ ಎಂದು ಗಾಬರಿಯಾದರು. ಅವರು ಒಲೆಯ ಕಡೆ ಹೋದ ಮೇಲೆ ಕಾಕಾ ಬೆವರು ಒರೆಸಿಕೊಳ್ಳುತ್ತ, ಈ ಬಿಸಿಲಲ್ಲಿ ಒಂದೊಂದು ಬಿರುಕಿಗೂ ಹೊರಗೆ ಹೋಗಿ ಬಂದರೆ ಸಂಜೆಗೆ ತಮ್ಮನ್ನೇ ರಿಪೇರಿಗೆ ಹಾಕಬೇಕಾಗುತ್ತದೆ ಎಂದು ಅವ್ವನಿಗೆ ತಮ್ಮ ಪಿಸುಮಾತಿನಲ್ಲಿ ಹೇಳಿ, ಬೇರೊಂದು ದಾರಿ ಹಿಡಿದರು. ಎಲ್ಲವನ್ನೂ ಹೊಗಳತೊಡಗಿದರು.

ಸ್ವಲ್ಪ ಹೊತ್ತಿಗೆ ನನಗೆ ಆ ಹೊಗಳಿಕೆಯ ಅಳತೆ ಹತ್ತಿತು. ಸುಮ್ಮನೆ "ಛಲೋ ಐತಿ" ಎಂದರೆ ಅದು ನಿಜವಾಗಿ ಚೆನ್ನಾಗಿದೆ. "ಭಾಳ ಛಲೋ" ಎಂದರೆ ದುರಸ್ತಿ ಬೇಕು. ಮಾಳಿಗೆ ಹತ್ತಿ, ಅಡುಗೆಮನೆಯ ಮೇಲೆ ನೀರು ನಿಂತ ಕಲೆಯನ್ನು ಹಿಮ್ಮಡಿಯಿಂದ ತಟ್ಟಿ, "ವಾ! ಎಂಥಾ ಮಾಳಿಗಿ ರೀ" ಎಂದರು, ಅದು ಸೋರುತ್ತದೆ. ನೀಲಕ್ಕ ಈ ಅಳತೆ ಅರಿಯದೆ, ಒಂದೊಂದು ಹೊಗಳಿಕೆಗೂ ಅರಳುತ್ತ, ಮೊದಲು ಚಹಾ, ಆಮೇಲೆ ಚೂಡಾ, ಆಮೇಲೆ ಯಜಮಾನರಿಗೆಂದು ಎತ್ತಿಟ್ಟಿದ್ದ ಕರದಂಟು ತಂದರು. ಒಂದು ಮನೆ ಎಷ್ಟು ಕೆಟ್ಟಿದೆಯೋ ಅಷ್ಟು ತಿಂಡಿ ಬರುತ್ತಿದ್ದ ಆ ಮಧ್ಯಾಹ್ನ, ನಾನು ತಿನ್ನುತ್ತ ತಿನ್ನುತ್ತ ಕುಗ್ಗುತ್ತಿದ್ದೆ.

ಕೊನೆಗೆ ಕಾಕಾ ಕಿಟಕಿಯ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕುಳಿತರು. ಕ್ಯಾಲೆಂಡರು ಇಷ್ಟು ಕೆಳಗೆ ಏಕೆಂದು ಯಾರೂ ಕೇಳಿರಲಿಲ್ಲ. ಆದರೂ ನೀಲಕ್ಕ, ನೆಲದ ಮೇಲೆ ಊಟಕ್ಕೆ ಕುಳಿತಾಗ ಕಾಣಲಿ ಎಂದು ಹಾಕಿದ್ದು ಎಂದರು. ಕಾಕಾ ಅದನ್ನು ಒಂದು ಬೆರಳಿನಿಂದ ಸರಿಸಿದರು. ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಓರೆಯಾಗಿ ಇಳಿದು ನೆಲ ಮುಟ್ಟಿತ್ತು. ಸ್ಕೂಟರಿನ ಕೀಲಿ ಅದರೊಳಗೆ ಸಲೀಸಾಗಿ ಹೋಯಿತು. ಕಾಕಾ ಎದ್ದು ಹಿತ್ತಲಿಗೆ ಹೋಗಿ, ಕರಿಬೇವಿನ ಬುಡದ ಕಪ್ಪು ನೆಲ ಬಾಯಿ ಬಿಟ್ಟದ್ದನ್ನು ನೋಡಿ ಬಂದು, ಕೀಲಿಯನ್ನು ಜೇಬಿಗೆ ಹಾಕಿದರು. ಆಮೇಲೆ ಅವ್ವನ ಕಡೆ ತಿರುಗಿ, ಎಂದಿಗಿಂತ ಸಣ್ಣ ದನಿಯಲ್ಲಿ, "ವೈನಿ, ಇಂಥಾ ಪಾಯಾ ನನ್ನ ಸರ್ವೀಸಿನ್ಯಾಗ ಎಲ್ಲೂ ನೋಡಿಲ್ರಿ" ಎಂದರು.

ಅವ್ವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ನೀಲಕ್ಕ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದು ಅವ್ವನ ಅಂಗೈಗೆ ಒಂದು ಚಿಟಿಕೆ ಹಾಕಿದರು. ಇಷ್ಟು ಮೆಚ್ಚಿದ ಮೇಲೆ ಬಾಯಿ ಸಿಹಿ ಆಗಲೇಬೇಕಲ್ಲ. ನಮ್ಮಲ್ಲಿ ಹೀಗೆ ಸಕ್ಕರೆ ತಿಂದರೆ ಮಾತು ಕೊಟ್ಟಂತೆ. ಅವ್ವ ಅಂಗೈ ನೋಡಿದಳು, ಕಾಕಾನನ್ನು ನೋಡಿದಳು, ಸಕ್ಕರೆ ಬಾಯಿಗೆ ಹಾಕಿಕೊಂಡಳು.

ಅವಳು ಒಳಗೇ ಮಾತಾಡುತ್ತಿರುವಾಗ ಕಾಕಾ ನನ್ನನ್ನು ಗೇಟಿನ ಹೊರಗೆ ಎಳೆದುಕೊಂಡು ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದರು. "ಎರಿ ಮಣ್ಣು ಇದು, ತಂಗಿ. ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಬಾಯಿ ಬಿಡತೈತಿ. ಪಾಯಾ ಗಟ್ಟಿ ನೆಲದ ತನಕಾ ಹೋಗಿಲ್ಲ. ಮ್ಯಾಲ ಎಷ್ಟು ಬಳದರೂ ಅಷ್ಟ. ನಿಮ್ಮಪ್ಪ ಇದ್ದಿದ್ರ ನಾ ಅವಂಗ ಬ್ಯಾಡಾ ಅಂತಿದ್ದೆ. ನಿನಗೂ ಅದನ್ನ ಹೇಳ್ತೇನಿ. ವೈನಿಗೆ ನೀನ ಹೇಳು." ಹೇಳಲೆಂದೇ ಕರೆತಂದವರು ಹೇಳುವ ಕೆಲಸವನ್ನು ನನಗೇ ಒಪ್ಪಿಸಿ ಸ್ಕೂಟರು ಹತ್ತಿ ದುರ್ಗದಬೈಲಿನ ಕಡೆ ಹೋದರು.

ಎಲ್ಲಿ ಹೇಳುವುದು? ನೀಲಕ್ಕನವರ ಮನೆಯೊಳಗೆ ಹೇಳುವಂತಿಲ್ಲ. ನಮ್ಮ ಮನೆಯೊಳಗೂ ಹೇಳುವಂತಿಲ್ಲ. ಗೋಡೆ, ಚಾವಣಿ, ವಾಸ್ತುಪುರುಷ ಯಾವುದೂ ಇಲ್ಲದ ಜಾಗ ಬೇಕಿತ್ತು. ಬಿಸಿಲು ಇಳಿದ ಮೇಲೆ ಅವ್ವನನ್ನು ಉಣಕಲ್ ಕೆರೆಯ ದಂಡೆಗೆ ಕರೆದುಕೊಂಡು ಹೋದೆ. ಕಲ್ಲುಬೆಂಚಿನ ಮೇಲೆ ಕುಳಿತು, ಪ್ರಯೋಗಾಲಯದ ವರದಿ ಬರೆಯುವ ಕ್ರಮದಲ್ಲೇ, ನೆಲದಿಂದ ಶುರು ಮಾಡಿ ಮಾಳಿಗೆಯವರೆಗೆ ಹೇಳಿದೆ. ಪಾಯವನ್ನು ಕೊನೆಗೆ ಇಟ್ಟುಕೊಂಡೆ. ಅವ್ವ ನೀರನ್ನೇ ನೋಡುತ್ತ ಕೇಳಿದಳು. ಎಲ್ಲ ಮುಗಿದ ಮೇಲೆ, ಪಾಯದ ವಿಷಯ ತನಗೆ ಸಕ್ಕರೆಗಿಂತ ಮೊದಲೇ ತಿಳಿದಿತ್ತು ಎಂದಳು. ಸೋಮಣ್ಣ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವಳು ಹಿಂದೆ ಒಮ್ಮೆ ಮಾತ್ರ ಕೇಳಿದ್ದಳಂತೆ. ಯಾವಾಗ ಎಂದು ನಾನು ಕೇಳಲಿಲ್ಲ. ಅಪ್ಪನನ್ನು ಒಯ್ದ ದಿನ ಆಸ್ಪತ್ರೆಯ ಬಾಗಿಲಲ್ಲಿ ನಾನೂ ಇದ್ದೆ.

"ಹಂಗಾದ್ರ ಸಕ್ಕರಿ ಯಾಕ ತಿಂದಿ?" ಎಂದೆ.

"ಆಕಿ ಕೈ ಮುಂದ ಮಾಡಿದ್ಲು. ಮತ್ತೇನ್ ಮಾಡ್ಲಿ?"

ಆಮೇಲೆ ಅವಳೇ ಫೋನು ತೆಗೆದು ನೀಲಕ್ಕನವರಿಗೆ ಹಚ್ಚಿದಳು. ಅವ್ವನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ; ಕಿವಿಗೆ ಹಿಡಿದರೆ ಎದುರಿನವರು ಸಣ್ಣವರಾಗಿಬಿಡುತ್ತಾರಂತೆ. ಮನೆ ಬಹಳ ಚೆನ್ನಾಗಿದೆ, ಇಬ್ಬರಿಗೆ ದೊಡ್ಡದಾಯಿತು, ಸಕ್ಕರೆ ತಿಂದು ಮಾತು ತಪ್ಪಿದಂತಾಯಿತು, ಸಿಟ್ಟಾಗಬೇಡಿ ಎಂದಳು. ಆ ಕಡೆಯಿಂದ ನೀಲಕ್ಕನವರ ದನಿ ಕೇಳಿತು. "ನಿಮ್ಮ ಸೋಮಣ್ಣಾರು ಗೇಟಿನ್ಯಾಗ ಗುಟ್ಟು ಹೇಳಿದ್ದು ನಮ್ಮ ಅಡಗಿಮನಿ ತನಕಾ ಬಂತ್ರಿ ಅಕ್ಕಾರ. ಇರ್ಲಿ ಬಿಡ್ರಿ. ಆ ಸಕ್ಕರಿ ಮನಿಗಂತ ಕೊಟ್ಟಿದ್ದಲ್ಲ, ನಿಮಗ ಕೊಟ್ಟಿದ್ದು. ಮನಿ ಹೋಗೂತನಕಾ ನಾ ಇಲ್ಲೇ ಇರಾಕಿ. ಬರ್ತಿರ್ರಿ." ಮನೆ ಮಾರಾಟವಾಗದಿದ್ದರೆ ಅವರಿಗೆ ಅಂಥ ದುಃಖವೇನೂ ಆಗುವಂತೆ ಕಾಣಲಿಲ್ಲ. ಆದರೆ ಯಜಮಾನರು ಬಂದು ಗೋಡೆ ಬಳಿಸುತ್ತಾರೆ, ಮಳೆ ಬಿದ್ದು ಬಿರುಕು ತಾನೇ ಮುಚ್ಚಿಕೊಳ್ಳುತ್ತದೆ, ಗಟ್ಟಿ ಮನಸ್ಸಿನವರು ಯಾರೋ ಬಂದು ಕೊಳ್ಳುತ್ತಾರೆ. ಆಮೇಲೆ ಬೈರಿದೇವರಕೊಪ್ಪದಲ್ಲಿ ಅವ್ವನ ಹಣೆಗೆ ಕೈ ಮುಂದೆ ಮಾಡುವವರು ಇರುವುದಿಲ್ಲ.

ಫೋನು ಚೀಲಕ್ಕೆ ಹಾಕಿ, ಚೀಲದ ಬಾಯಿಗೆ ಎರಡು ಗಂಟು ಹಾಕಿ, ಅವ್ವ ಕೆರೆಯ ಕಡೆಗೇ ಮುಖ ಮಾಡಿ ಮಾತಾಡಿದಳು. ನನಗೆ ಹೇಳುತ್ತಿದ್ದಾಳೆಂದು ಮೊದಲು ಗೊತ್ತಾಗಲಿಲ್ಲ.

"ಬಾಡಿಗಿ ಮನಿ ಮಾಲೀಕರು ಮಾಳಿಗಿ ಸೋರೂದು ನಿಲ್ಲಸಂಗಿಲ್ಲಂತ ನಿಮ್ಮಪ್ಪಾರು ಜಗಳಾ ಮಾಡಿ ಬಂದಿದ್ರು ಒಂದಿನಾ. ನಾ ರೊಟ್ಟಿ ಬಡಿಯಾಕತ್ತಿದ್ದೆ. ಹೊಸ್ತಲದಾಗ ನಿಂತು, ಈ ಮನ್ಯಾಗಂತೂ ನಾ ಮುದುಕ ಆಗಂಗಿಲ್ಲ ನೋಡು ಅಂದ್ರು. ಸ್ವಂತ ಮನಿ ಮಾಡ್ತೇನಿ ಅನ್ನೂ ಅರ್ಥದಾಗ ಅಂದ್ರು. ನಾ ನಕ್ಕೆ. ಮುದುಕ ಆಗೂದು ಇನ್ನೇನ್ ಉಳದೈತಿ ಅಂತ ಚೇಷ್ಟಿ ಮಾಡಿದೆ. ಹಂಗ ಅನಬ್ಯಾಡ್ರಿ ಅಂತ ಒಂದ್ ಮಾತು ಅಂದಿದ್ರ ಆಗಿತ್ತು."

ಎರಡು ವರ್ಷದಿಂದ ಹೊಸ್ತಿಲು ದಾಟುವಾಗ ನಿರಿಗೆ ಎತ್ತಿ ಹಿಡಿಯುತ್ತಿದ್ದದ್ದು ಈ ಮಾತನ್ನು ದಾಟಲು. ನನ್ನ ಹತ್ತಿರ ಉತ್ತರಗಳಿದ್ದವು. ಡಾಕ್ಟರು ಬರೆದುಕೊಟ್ಟದ್ದು ನನಗೆ ಬಾಯಿಪಾಠ ಇದೆ. ಅಪ್ಪನ ಎದೆಯ ನಾಳ ಎಷ್ಟು ವರ್ಷದಿಂದ ಕಟ್ಟುತ್ತ ಬಂದಿರಬಹುದು, ಅದಕ್ಕೂ ಒಂದು ಮಾತಿಗೂ ಏಕೆ ಸಂಬಂಧವಿಲ್ಲ, ಎರಡು ಸಂಗತಿ ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲನೆಯದು ಎರಡನೆಯದರ ಕಾರಣವಲ್ಲ ಎಂಬುದನ್ನು ನಾನು ಎಂಎಸ್ಸಿಯಲ್ಲಿ ಓದಿ, ಒಳ್ಳೆಯ ಅಂಕ ಪಡೆದು ಪಾಸಾಗಿದ್ದೇನೆ. ಅವಳ ಕೈ ಹಿಡಿದು ಇಷ್ಟನ್ನು ಹೇಳಿದ್ದರೆ ಸಾಕಿತ್ತು. ಕೈ ಹಿಡಿದಿದ್ದರೂ ಸಾಕಿತ್ತು. ನಾನು ಬಾಯಿ ತೆರೆದೆ. "ಗಿರ್ಮಿಟ್ ತರ್ಲೇನವ್ವಾ?" ಎಂದು ಕೇಳಿದೆ.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಉಳ್ಳಾಗಡ್ಡಿ ಕಡಿಮಿ ಹಾಕಂತ ಹೇಳು" ಎಂದಳು.

ಆ ಖಾರದ ಮಂಡಕ್ಕಿಯನ್ನು ಒಂದೇ ಪೊಟ್ಟಣದಲ್ಲಿ ಇಬ್ಬರೂ ತಿಂದೆವು. ಕತ್ತಲಾಗುವ ಮೊದಲು ಬಸ್ಸು ಹಿಡಿದೆವು.

ಮರುದಿನ ಬೆಳಿಗ್ಗೆ ಅವ್ವ ಸ್ನಾನಕ್ಕೆ ಹೋಗಿದ್ದಳು. ನಾನು ಡಬ್ಬಿ ಕಟ್ಟಿಕೊಂಡು ಹೊರಡಲು ಸಿದ್ಧಳಾಗಿ, ಅಡುಗೆಮನೆಯ ಹೊಸ್ತಿಲ ಮೇಲೆ ನಿಂತೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಗಂಟಲು ಸರಿಮಾಡಿಕೊಂಡು, ಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ, "ನಮ್ಮವ್ವ ಈ ಮನ್ಯಾಗ ಛಂದಂಗ ಮುದುಕಿ ಆಗ್ತಾಳ" ಎಂದೆ. ಹೇಳಿ ಮುಗಿಸುವುದರೊಳಗೆ ಮಾತಿನಲ್ಲಿದ್ದ ದೋಷ ಕಾಣಿಸಿತು. ಇದಕ್ಕೆ ತಥಾಸ್ತು ಬಿದ್ದರೆ ಸೋರುವ ಈ ಮಾಳಿಗೆಯ ಕೆಳಗೇ, ಈ ಹೊಸ್ತಿಲನ್ನೇ ದಾಟುತ್ತ ಅವಳು ಮುದುಕಿಯಾಗಬೇಕು. ಅವಸರದಿಂದ, "ಈ ಮನಿ ಅಂತಲ್ಲ, ಯಾವ ಮನ್ಯಾಗಾದ್ರೂ ನಡೀತೈತಿ" ಎಂದು ಸೇರಿಸಿದೆ. ಅದೂ ಸರಿಬರಲಿಲ್ಲ, ಯಾವ ಮನೆಯಾದರೂ ಎಂದರೆ ಎರೆ ಮಣ್ಣಿನ ಮನೆಯೂ ಅದರಲ್ಲಿ ಬರುತ್ತದೆ. ಅಷ್ಟರಲ್ಲಿ ಬಚ್ಚಲಲ್ಲಿ ನೀರಿನ ಸಪ್ಪಳ ನಿಂತು, ಯಾರ ಜೋಡಿ ಮಾತಾಡುತ್ತಿದ್ದೀ ಎಂದು ಅವ್ವ ಒಳಗಿನಿಂದ ಕೇಳಿದಳು. ಫೋನು ಎಂದೆ. ನೀರಿನ ಸಪ್ಪಳ ಮತ್ತೆ ಶುರುವಾಗುವವರೆಗೆ ಕಾದು, ಮನೆಯ ಮಾತನ್ನೇ ಪೂರ್ತಿ ತೆಗೆದುಹಾಕಿ, ಮೆಲ್ಲಗೆ "ನಮ್ಮವ್ವ ಮುದುಕಿ ಆಗ್ತಾಳ" ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿಕೊಂಡು, ಬೀಜ ನೋಡಲು ಹೋದೆ.